ಪಂಚರ ಸಮಕ್ಷಮ

ರಾಜರಾಜೇಶ್ವರಿ ನಗರ ದಾಟಿದ ಕೂಡಲೇ ಜಲಜಾ ಎದ್ದು ಬಾಗಿಲ ಪಕ್ಕದ ಗಾಜಿನ ಹತ್ತಿರ ಹೋಗಿ ನಿಂತಳು. ಬೇರೆ ದಿನವಾಗಿದ್ದರೆ ಕೆಂಗೇರಿಯಲ್ಲಿ ಸಿಕ್ಕಿದ ಸೀಟನ್ನು ವಿಜಯನಗರ ಬರುವ ತನಕ ಬಿಟ್ಟುಕೊಡುವವಳಲ್ಲ. ಎದುರಿಗೆ ವಯಸ್ಸಾದವರು ಬಂದು ನಿಂತರೆ ಮೊಬೈಲಿನಲ್ಲಿ ಮುಖ ಹುದುಗಿಸುವಷ್ಟು ಮಟ್ಟಿಗೆ ಮೆಟ್ರೋ ಅವಳನ್ನು ಪಳಗಿಸಿತ್ತು. ಇವತ್ತು ಬ್ರೋಷರುಗಳ ಭಾರಕ್ಕೆ ಜೋತುಬಿದ್ದ ಕೈಚೀಲವನ್ನು ಕಾಲುಗಳ ನಡುವೆ ಇಟ್ಟುಕೊಂಡು, ಹಣೆ ಗಾಜಿಗೆ ತಾಗುವಷ್ಟು ಬಗ್ಗಿ ಕೆಳಗೆ ನೋಡಿದಳು. ನಾಯಂಡಹಳ್ಳಿ. ತಗಡಿನ ಸೂರುಗಳು, ಗುಜರಿ ಅಂಗಡಿ, ಲಾರಿ ಬಾಡಿ ಕಟ್ಟುವ ಷೆಡ್ಡು, ಒಂದಕ್ಕೊಂದು ಅಂಟಿಕೊಂಡ ಗೋದಾಮುಗಳು. ಇವುಗಳಲ್ಲಿ ಯಾವುದು ಎಂದು ಅವಳಿಗೆ ಗೊತ್ತಿರಲಿಲ್ಲ. ಆದರೂ ಹನ್ನೊಂದು ಗಂಟೆಯೊಳಗೆ ಒಂದನ್ನು ಆರಿಸಿಕೊಳ್ಳಲೇಬೇಕಿತ್ತು. ಹೋದ ವರ್ಷ ಫೆಬ್ರವರಿಯ ಒಂದು ದಿನ ಹನ್ನೊಂದೂವರೆಯಿಂದ ಹನ್ನೆರಡೂಕಾಲಿನವರೆಗೆ ಅವಳು ಇಂಥದೊಂದು ಗೋದಾಮಿನ ಹಿಂದೆ ನಿಂತಿದ್ದಳು. ಯಶ್ವಂತ್ ಎಂಬ ಇಪ್ಪತ್ತೆರಡು ವರ್ಷದ ಹುಡುಗ ಅವಳ ಕಣ್ಣೆದುರಿಗೇ ಹಳೆ ಟೈರುಗಳ ರಾಶಿಯ ಕೆಳಗಿನಿಂದ ಚಾಕು ತೆಗೆದು ಪೊಲೀಸರ ಕೈಗೆ ಕೊಟ್ಟಿದ್ದ. ಹಾಗೆಂದು ಬರೆದ ಮಹಜರಿನ ಕೆಳಗೆ ಅವಳ ಸಹಿ ಇತ್ತು. ನಾಯಂಡಹಳ್ಳಿಯಲ್ಲಿ ಅವಳು ಈವರೆಗೆ ರೈಲಿನಿಂದ ಇಳಿದೇ ಇರಲಿಲ್ಲ.

ಒಂದು ಗೋದಾಮಿನ ಹಿಂದೆ ಟೈರುಗಳು ಕಂಡವು. ಪಕ್ಕದಲ್ಲಿ ನೀಲಿ ಬಣ್ಣದ ನೀರಿನ ಟ್ಯಾಂಕು. ಅದರ ಮುಚ್ಚಳ ಎಲ್ಲಿ ಹೋಗಿತ್ತೋ, ಬಾಯಿಗೆ ಒಂದು ತಗಡು ಮುಚ್ಚಿ, ಗಾಳಿಗೆ ಹಾರದಂತೆ ಎರಡು ಕಲ್ಲು ಹೇರಿದ್ದರು. ಇದೇ ಇರಲಿ ಎಂದುಕೊಂಡಳು. ಮದುವೆಗೆ ಮುಂಚೆ ಸೀರೆ ಅಂಗಡಿಯಲ್ಲಿ ಅಮ್ಮ ನೂರು ಸೀರೆ ಬಿಡಿಸಿ ಹಾಕಿಸಿ ಸುಸ್ತಾದ ಮೇಲೆ, ಇವಳು ಕೈಗೆ ಸಿಕ್ಕಿದ್ದನ್ನು ಎತ್ತಿಕೊಂಡು ಇದೇ ಇರಲಿ ಅಂದಿದ್ದಳು. ಆ ಸೀರೆ ಇನ್ನೂ ಬೀರುವಿನಲ್ಲಿದೆ, ಒಂದು ಸಲವೂ ಉಟ್ಟಿಲ್ಲ. ರೈಲು ಹೊರಟಿತು. ಭಯವಾಗುತ್ತಿದೆಯೇ ಎಂದು ತನ್ನನ್ನೇ ಕೇಳಿಕೊಂಡರೆ ಭಯವೇನೂ ಆಗುತ್ತಿರಲಿಲ್ಲ. ಬೆಳಿಗ್ಗೆ ಗಂಡ ಮಧ್ವೇಶ್ ಷೂ ಲೇಸು ಕಟ್ಟಿಕೊಳ್ಳುತ್ತಾ, ತಲೆ ಎತ್ತದೆ, "ಕೋರ್ಟಲ್ಲಿ ಹೌದು ಅಂತ ಹೇಳಿ ಬಾರೇ, ಹತ್ತು ನಿಮಿಷದ ಕೆಲಸ" ಎಂದಿದ್ದ. ಗ್ಯಾಸ್ ಬುಕ್ ಮಾಡು ಅನ್ನುವುದನ್ನೂ ಅವನು ಅದೇ ಧ್ವನಿಯಲ್ಲಿ ಹೇಳುತ್ತಾನೆ. ಅವಳು ಹೂಂ ಅಂದಿದ್ದಳು.

ಕಾಲೇಜು ವಿಜಯನಗರದಲ್ಲಿ, ಕೆಳಗೆ ಚಿನ್ನದಂಗಡಿ ಇರುವ ಕಟ್ಟಡದ ಮೂರನೆಯ ಮತ್ತು ನಾಲ್ಕನೆಯ ಮಹಡಿ. ಬಿ.ಎ. ಕ್ರಿಮಿನಲ್ ಜಸ್ಟಿಸ್, ಜೊತೆಗೆ ಪ್ಯಾರಾಲೀಗಲ್ ಡಿಪ್ಲೊಮಾ. ಓದು ಮುಗಿಯುವ ಮೊದಲೇ ಉದ್ಯೋಗ ಎಂದು ಬ್ರೋಷರಿನಲ್ಲಿದೆ. ಓದಲು ಬರುವವರು ಆಟೋ ಓಡಿಸುವವರ, ಗಾರ್ಮೆಂಟ್ಸಿಗೆ ಹೋಗುವವರ ಮಕ್ಕಳು. ಹುಡುಗರಿಗೆಲ್ಲ ತಾವು ಸಬ್ ಇನ್‌ಸ್ಪೆಕ್ಟರ್ ಆಗಿಯೇಬಿಟ್ಟಂತೆ ತಲೆಗೂದಲು ಕತ್ತರಿಸಿಕೊಳ್ಳುವ ಉಮೇದು, ಹುಡುಗಿಯರಿಗೆ ವಕೀಲರ ಕೋಟಿನ ಆಸೆ. ಕೊನೆಗೆ ಅವರಲ್ಲಿ ಹೆಚ್ಚಿನವರು ನೋಟರಿ ಆಫೀಸಿನಲ್ಲಿ ಅಫಿಡವಿಟ್ಟು ಟೈಪು ಮಾಡುತ್ತಾರೆ, ಇಲ್ಲವೇ ಮಾಲುಗಳಲ್ಲಿ ಸೆಕ್ಯೂರಿಟಿ ಸೂಪರ್‌ವೈಸರ್ ಆಗುತ್ತಾರೆ. ಇದನ್ನು ಅವರಿಗೆ ಮೂರನೆಯ ವರ್ಷದವರೆಗೆ ಯಾರೂ ಹೇಳುವುದಿಲ್ಲ. ಮೊದಲ ಪೀರಿಯಡ್ಡಿನಲ್ಲಿ ಅವಳು ಪುಸ್ತಕ ತೆರೆದಾಗ ಅದೇ ಮಹಜರಿನ ಪಾಠ ಬಂದಿತ್ತು. ಬದಲಾಯಿಸಬಹುದಿತ್ತು, ಬದಲಾಯಿಸುವುದಕ್ಕೂ ಒಂದಿಷ್ಟು ಮನಸ್ಸು ಬೇಕಲ್ಲ. ಪೊಲೀಸರು ಏನನ್ನಾದರೂ ವಶಕ್ಕೆ ತೆಗೆದುಕೊಳ್ಳುವಾಗ ಹೊರಗಿನ ಇಬ್ಬರು ಕಣ್ಣಾರೆ ನೋಡಿ ಸಹಿ ಹಾಕಬೇಕು, ಅವರೇ ಪಂಚರು, ಈಗ ಹೊಸ ಕಾನೂನಿನಲ್ಲಿ ಇದೆಲ್ಲವನ್ನೂ ವಿಡಿಯೊ ಕೂಡ ಮಾಡಬೇಕು ಎಂದು ಬೋರ್ಡಿನ ಮೇಲೆ ಬರೆದಳು. ಮುಂದಿನ ಬೆಂಚಿನ ಅಮೂಲ್ಯಾ ಕೈ ಎತ್ತಿದಳು.

"ವಿಡಿಯೊ ಇಲ್ಲದೆ ಇದ್ದಾಗ ಹೆಂಗೆ ಮೇಡಮ್ ನಂಬ್ತಿದ್ರು?"

"ಪಂಚರ ಮಾತಿನ ಮೇಲೆ."

"ಅವ್ರು ಸುಳ್ಳು ಹೇಳಿದ್ರೆ?"

"ಅವರಿಗೇನು ಲಾಭ ಇರುತ್ತೆ ಹೇಳು? ಆರೋಪಿ ಪರಿಚಯ ಇಲ್ಲ, ಪೊಲೀಸರು ಪರಿಚಯ ಇಲ್ಲ. ಸ್ವತಂತ್ರ ಸಾಕ್ಷಿ ಅನ್ನೋದು ಅದಕ್ಕೇ."

ಅಮೂಲ್ಯಾ ಸ್ವತಂತ್ರ ಸಾಕ್ಷಿ ಎಂದು ಬರೆದುಕೊಂಡು ಕೆಳಗೆ ಎರಡು ಗೆರೆ ಎಳೆದಳು. ಜಲಜಾ ಆ ಗೆರೆಗಳನ್ನು ನೋಡುತ್ತಾ ನಿಂತಳು. ಸಹಿ ಹಾಕಿದ ದಿನವೂ ಹೀಗೇ, ಹದಿನೆಂಟು ಮಂದಿ ನೋಟ್‌ಬುಕ್ಕು ಹಿಡಿದು ಠಾಣೆಯ ಹಜಾರದಲ್ಲಿ ನಿಂತಿದ್ದರು. ಕ್ಷೇತ್ರ ಭೇಟಿ. ಇನ್‌ಸ್ಪೆಕ್ಟರು ಮಕ್ಕಳಿಗೆಲ್ಲ ಬಾದಾಮಿ ಹಾಲು ತರಿಸಿದ್ದರು. ಒಳಗಿನ ಗೋಡೆಗೆ ಒರಗಿ ಒಬ್ಬ ಹುಡುಗ ಮೊಣಕಾಲು ಎತ್ತಿಕೊಂಡು ನೆಲದ ಮೇಲೆ ಕೂತಿದ್ದ. ವಿದ್ಯಾರ್ಥಿಯೊಬ್ಬ ಪಿಸುಗುಟ್ಟಿ, ಇವನೇನಾ ಮೇಡಮ್ ಆರೋಪಿ ಎಂದು ಕೇಳಿದ್ದಕ್ಕೆ ಅವಳು, ಆರೋಪ ಸಾಬೀತಾಗುವ ತನಕ ಪ್ರತಿಯೊಬ್ಬರೂ ನಿರಪರಾಧಿಗಳು ಎಂದು ಎಲ್ಲರಿಗೂ ಕೇಳಿಸುವಂತೆ ಹೇಳಿದ್ದಳು. ನೆಲದ ಮೇಲಿದ್ದ ಹುಡುಗ ತಲೆ ಎತ್ತಿ, ತರಗತಿಯಲ್ಲಿ ಅರ್ಥವಾದವರು ಆಡಿಸುವ ಹಾಗೆ ತಲೆಯಾಡಿಸಿದ. ಅಷ್ಟು ಹೊತ್ತಿಗೆ ಹೆಡ್ ಕಾನ್‌ಸ್ಟೆಬಲ್ ಬೈರಯ್ಯ ಎರಡು ಹಾಳೆ ಹಿಡಿದುಕೊಂಡು ಬಂದರು. ಇಬ್ಬರು ಪಂಚರು ಬೇಕಾಗಿದ್ದಾರೆ ಮೇಡಮ್, ರಸ್ತೇಲಿ ಹೋಗೋರನ್ನ ಕರೆದ್ರೆ ಓಡ್ತಾರೆ, ನಿಮ್ಮ ಮಕ್ಕಳಿಗೂ ಪ್ರಾಕ್ಟಿಕಲ್ ಆದಂಗಾಯ್ತು ಅಂದರು. ಮಹಜರು ಎಂದರೆ ಏನೆಂದು ಬಾಯಿಪಾಠವಿದ್ದವಳು ಅವಳೊಬ್ಬಳೇ ಆ ಕೋಣೆಯಲ್ಲಿ. ಆ ಹಾಳೆ ನಿಜವಾದ ಕೇಸಿನದು ಎಂದು ಅವಳಿಗೆ ಹೊಳೆಯಲಿಲ್ಲವೆಂದಲ್ಲ. ಹೊಳೆಯಿತು, ಮತ್ತು ಅದರಿಂದಲೇ ಖುಷಿಯಾಯಿತು: ಮಕ್ಕಳಿಗೆ ನಿಜವಾದದ್ದನ್ನು ತೋರಿಸುತ್ತಿದ್ದೇನೆ ಅನ್ನಿಸಿತು. ಮೊದಲು ತಾನು ಸಹಿ ಹಾಕಿ, ಅಕ್ಷರ ದುಂಡಗಿದೆ ಎಂದು ಚೈತ್ರಳ ಕೈಯಲ್ಲಿ ಎರಡನೆಯ ಸಹಿ ಹಾಕಿಸಿದಳು. ಯಾರೋ ಫೋಟೋ ತೆಗೆದರು. ಮೇಡಮ್ ಎಂದು ಅಮೂಲ್ಯಾ ಮತ್ತೆ ಕರೆದಳು, ಬೆಲ್ ಆಗಿತ್ತು.

ಪ್ರಿನ್ಸಿಪಾಲ್ ಸೇತುರಾಮ ಅರ್ಧ ದಿನದ ರಜೆಯ ಚೀಟಿಗೆ ರುಜು ಹಾಕುತ್ತಾ ಅವಳ ಕಡೆ ನೋಡದೆ ಗೋಡೆಯ ಪಟ್ಟಿಯ ಕಡೆ ನೋಡಿದರು. ಅಡ್ಮಿಶನ್ ಪಟ್ಟಿ. ಪ್ರತಿಯೊಬ್ಬ ಲೆಕ್ಚರರೂ ಜೂನ್ ಮುಗಿಯುವುದರೊಳಗೆ ಏಳು ಮಕ್ಕಳನ್ನು ಸೇರಿಸಬೇಕು. ಜಲಜಾಳ ಹೆಸರಿನ ಮುಂದೆ, ಸೇರಿಸಿದ ಮಗುವಿಗೊಂದರಂತೆ, ನಾಲ್ಕು ನಕ್ಷತ್ರಗಳಿದ್ದವು. ಬ್ರೋಷರಿನ ಹಿಂದೆ ಲೆಕ್ಚರರ ಸಹಿ ಇದ್ದರೆ ಮಾತ್ರ ಆ ಅಡ್ಮಿಶನ್ ಅವರ ಲೆಕ್ಕಕ್ಕೆ.

"ಕೋರ್ಟಿಗೆ ಎಷ್ಟೊಂದು ಜನ ಬರ್ತಾರೆ ನೋಡಿ. ಅಲ್ಲೇ ನಾಲ್ಕು ಬ್ರೋಷರ್ ಕೊಡಿ, ಒಬ್ರಾದ್ರೂ ಸಿಗ್ತಾರೆ" ಅಂದರು. ಆಮೇಲೆ ಕನ್ನಡಕ ತೆಗೆದು, "ಠಾಣೆಯೋರ ಜೊತೆ ನಮ್ಮ ಸಂಬಂಧ ಚೆನ್ನಾಗಿದೆ. ನಲವತ್ತಾರು ಮಕ್ಕಳ ಇಂಟರ್ನ್‌ಶಿಪ್ ಸರ್ಟಿಫಿಕೇಟು ಅಲ್ಲೇ ಇದೆ. ನಿಮಗೆ ಬೇರೆ ಹೇಳಬೇಕಾಗಿಲ್ಲ" ಎಂದರು. ಅವರು ಕೆಟ್ಟ ಮನುಷ್ಯರಲ್ಲ. ಅವಳ ತಾಯಿ ತೀರಿಕೊಂಡಾಗ ಹನ್ನೊಂದು ದಿನ ರಜೆ ಕೊಟ್ಟು ಒಂದು ದಿನದ ಸಂಬಳವನ್ನೂ ಹಿಡಿದಿರಲಿಲ್ಲ. ಇವರಲ್ಲಿ ಒಬ್ಬರಾದರೂ ಕೆಟ್ಟವರಾಗಿದ್ದರೆ ಎಷ್ಟು ಅನುಕೂಲವಾಗಿರುತ್ತಿತ್ತು ಎಂದು ಮೆಟ್ಟಿಲಿಳಿಯುತ್ತಾ ಅಂದುಕೊಂಡಳು.

ಮೆಟ್ರೋ ಸ್ಟೇಷನ್ನಿನಲ್ಲಿ ಚೈತ್ರ ಕಾದಿದ್ದಳು. ಹೋದ ವರ್ಷವೇ ಕೋರ್ಸು ಮುಗಿಸಿ ರಾಜಾಜಿನಗರದ ನೋಟರಿಯೊಬ್ಬರ ಹತ್ತಿರ ಕೆಲಸಕ್ಕಿದ್ದಾಳೆ. ಸುಂಕದಕಟ್ಟೆಯ ಮನೆಯಿಂದ ಎರಡು ಬಸ್ಸು ಬದಲಾಯಿಸಿ ಬಂದಿದ್ದಳು, ಪರೀಕ್ಷೆಗೆ ಬರುವ ಹಾಗೆ ತಲೆಗೆ ಎಣ್ಣೆ ಹಚ್ಚಿ ಬಿಗಿಯಾಗಿ ಜಡೆ ಹಾಕಿಕೊಂಡು. ಜೈಲ್ ವಾರ್ಡರ್ ಪಟ್ಟಿಯಲ್ಲಿ ಅವಳ ಹೆಸರು ಬಂದಿದೆ. ಇಡೀ ಕಾಲೇಜಿನಲ್ಲಿ ಸರ್ಕಾರಿ ಕೆಲಸ ಸಿಕ್ಕಿದ ಮೊದಲ ಹುಡುಗಿ. ಪೊಲೀಸ್ ವೆರಿಫಿಕೇಶನ್ ಒಂದು ಬಾಕಿ.

"ಮೇಡಮ್, ನಾನು ಅಲ್ಲಿಗೆ ಹೋಗೇ ಇರ್ಲಿಲ್ಲ ಅಂತ ಹೇಳ್ಬಿಟ್ರೆ ನನ್ನ ವೆರಿಫಿಕೇಶನ್ ಏನಾಗುತ್ತೆ?"

"ನಿನ್ನನ್ನ ಕರೆಯೋದೇ ಇಲ್ಲ ಕಣೇ. ಬೈರಯ್ಯ ಹೇಳಿದಾರೆ. ಒಬ್ಬ ಪಂಚರು ಸರಿಯಾಗಿ ಹೇಳಿದ್ರೆ ಎರಡನೆಯವರನ್ನ ಕೈಬಿಡ್ತಾರಂತೆ."

"ನೀವು ಸರಿಯಾಗಿ ಹೇಳ್ತೀರ ಅಲ್ವಾ ಮೇಡಮ್?"

ಜಲಜಾ ಹೂಂ ಅಂದಳು. ಬೆಳಿಗ್ಗೆಯಿಂದ ಅವಳು ಹೇಳಿದ ಎರಡನೆಯ ಹೂಂ ಅದು. ಮಾಗಡಿ ರಸ್ತೆ ದಾಟಿದ ಮೇಲೆ ರೈಲು ನೆಲದೊಳಕ್ಕೆ ಇಳಿಯಿತು, ಗಾಜಿನಲ್ಲಿ ಊರು ಹೋಗಿ ಅವಳ ಮುಖವೇ ಕಂಡಿತು. ಹದಿನೈದು ವರ್ಷದ ಹಿಂದೆ ಇದೇ ಮುಖದ ಕೆಳಗೆ ಕೊರಳಿಗೆ ವಕೀಲರ ಬಿಳಿ ಬ್ಯಾಂಡು ಕಟ್ಟಿಕೊಂಡು, ಸೀನಿಯರ್ ಬರುವುದು ತಡವಾಯಿತೆಂದು ಜಡ್ಜರ ಎದುರು ಎದ್ದು ನಿಂತು, ಇನ್ನೊಂದು ದಿನಾಂಕ ಕೊಡಿ ಎಂದು ಕೇಳಲು ಬಾಯಿ ತೆರೆದಿದ್ದಳು. ಧ್ವನಿಯೇ ಬರಲಿಲ್ಲ. ಜೋರಾಗಿ ಮಾತಾಡಿ ಅಮ್ಮಾ, ಇದು ದೇವರ ಮನೆ ಅಲ್ಲ ಎಂದರು ಜಡ್ಜು. ಕೋರ್ಟ್ ಹಾಲಿನಲ್ಲಿದ್ದ ಅಷ್ಟೂ ಜನ ನಕ್ಕರು, ಕೈಕೋಳದಲ್ಲಿ ನಿಂತಿದ್ದವನೂ ನಕ್ಕ. ಮೂರು ವರ್ಷ ತಳ್ಳಿ ಪ್ರಾಕ್ಟೀಸು ಬಿಟ್ಟಳು. ಮದುವೆಯಾಯಿತು, ಮಗುವಾಯಿತು ಎಂದು ಕೇಳಿದವರಿಗೆ ಕಾರಣ ಹೇಳುತ್ತಾಳೆ. ನಿಜವಾದ ಕಾರಣ ಆ ನಗು. ಈಗಲೂ ಕನಸಿನಲ್ಲಿ ಬಾಯಿ ತೆರೆಯುತ್ತಾಳೆ, ಧ್ವನಿ ಬರುವುದಿಲ್ಲ.

ಕೋರ್ಟಿನ ಎರಡನೆಯ ಮಹಡಿಯ ಮೊಗಸಾಲೆಯಲ್ಲಿ ಬೈರಯ್ಯ ಸಿಕ್ಕಿದರು. ರಿಟೈರ್ ಆಗಲು ಎಂಟು ತಿಂಗಳಿರುವವರು, ಈಗ ಕೋರ್ಟ್ ಡ್ಯೂಟಿ. ಇಬ್ಬರಿಗೂ ಕಾಫಿ ತರಿಸಿಕೊಟ್ಟು, ಮಹಜರಿನ ಜೆರಾಕ್ಸನ್ನು ಜಲಜಾಳ ಕೈಗಿತ್ತರು.

"ಏನಿಲ್ಲ ಮೇಡಮ್. ಅವನು ತೋರಿಸ್ದ, ನಾವು ನೋಡಿದ್ವಿ, ಸೈನ್ ಹಾಕಿದ್ವಿ. ಮೂರೇ ಮಾತು. ನಿಮಗೆ ನಾನು ಹೇಳಿಕೊಡೋದಾ? ನೀವೇ ಊರಿಗೆಲ್ಲ ಹೇಳಿಕೊಡ್ತೀರ."

"ಅವನೇ ಮಾಡಿದ್ದು ಅಂತ ಗ್ಯಾರಂಟಿ ಇದೆಯಾ ಬೈರಯ್ಯ?"

ಬೈರಯ್ಯ ಕಾಫಿ ಲೋಟವನ್ನು ಕಿಟಕಿಯ ಕಟ್ಟೆಯ ಮೇಲಿಟ್ಟರು. "ಚಾಕು ತೋರಿಸಿ ಮೊಬೈಲ್ ಕಿತ್ಕೊಂಡ ಕೇಸು. ಕಳ್ಕೊಂಡೋನು, ಇವನೇ ಇರಬಹುದು ಅಂದಿದಾನೆ. ಚಾಕು ಬಿಟ್ರೆ ಬೇರೇನೂ ಇಲ್ಲ. ಇರಬಹುದು, ಇಲ್ಲದೇನೂ ಇರಬಹುದು. ಅದನ್ನ ನೋಡೋಕೆ ಜಡ್ಜ್ ಸಾಹೇಬ್ರು ಇದಾರಲ್ಲ ಮೇಡಮ್." ಹೀಗೆಂದು, ಪಾಪ, ಅವಳಿಗೆ ಕೂರಲು ಬೆಂಚಿನ ಮೇಲಿದ್ದ ಫೈಲುಗಳನ್ನು ಸರಿಸಿ ಜಾಗ ಮಾಡಿಕೊಟ್ಟು ಹೋದರು. ಚಾಕು ಬಿಟ್ಟರೆ ಬೇರೇನೂ ಇಲ್ಲ. ಅಂದರೆ ತನ್ನ ಸಹಿ ಬಿಟ್ಟರೆ ಬೇರೇನೂ ಇಲ್ಲ ಎಂದು ಜಲಜಾ ಅರ್ಥ ಮಾಡಿಕೊಂಡಳು. ಮಾಡಿಕೊಂಡು ಕಾಫಿ ಕುಡಿದಳು. ಸಕ್ಕರೆ ಜಾಸ್ತಿಯಾಗಿತ್ತು.

ಚೈತ್ರ ಆಚೆ ತುದಿಯಲ್ಲಿ ಫೋನಿನಲ್ಲಿ ಮಾತಾಡುತ್ತಿದ್ದಳು. ಬೆಂಚಿನ ಈಚೆ ಒಬ್ಬ ಹೆಂಗಸು ಬಂದು ಕೂತಳು. ನಲವತ್ತೈದಿರಬಹುದು, ಬ್ಲೌಸಿನ ತೋಳಿಗೆ ಬಣ್ಣಬಣ್ಣದ ದಾರದ ಚೂರುಗಳು ಅಂಟಿದ್ದವು. ಮಡಿಲಲ್ಲಿ ಬಟ್ಟೆಯಂಗಡಿಯ ಕವರು, ಅದರೊಳಗೆ ಇಸ್ತ್ರಿ ಮಾಡಿದ ಬಿಳಿ ಅಂಗಿ.

"ನಿಮ್ದೂ ಕೇಸಾ ಮೇಡಮ್?"

"ಇಲ್ಲ. ಕಾಲೇಜಿನ ಕೆಲಸ."

"ಮೇಷ್ಟ್ರಾ ನೀವು?" ಹೆಂಗಸು ಸ್ವಲ್ಪ ದೂರ ಸರಿದು ಕೂತಳು, ಗೌರವಕ್ಕೆ. ಕಾಮಾಕ್ಷಿಪಾಳ್ಯದ ಗಾರ್ಮೆಂಟ್ಸಿನಲ್ಲಿ ದಾರ ಕತ್ತರಿಸುತ್ತಾಳಂತೆ, ಹೆಸರು ನರಸಮ್ಮ. ಮಗಳು ಪಿಯುಸಿ ಪಾಸಾಗಿದ್ದಾಳೆ, ಅರವತ್ತೆಂಟು ಪರ್ಸೆಂಟು, ಮುಂದೆ ಯಾವುದಕ್ಕೆ ಹಾಕಬೇಕೋ ಗೊತ್ತಾಗುತ್ತಿಲ್ಲ. ಪಿಯುಸಿ ಎಂಬ ಪದ ಕಿವಿಗೆ ಬಿದ್ದದ್ದೇ ಜಲಜಾಳ ಕೈ ತಾನಾಗಿ ಚೀಲದೊಳಗೆ ಹೋಯಿತು. ಬಸ್ ಸ್ಟಾಪಿನಲ್ಲಿ, ತರಕಾರಿ ಅಂಗಡಿಯಲ್ಲಿ, ಒಮ್ಮೆ ಸಾವಿನ ಮನೆಯಲ್ಲಿಯೂ ಹೀಗೇ ಹೋಗಿತ್ತು. ಬ್ರೋಷರು ಬಿಡಿಸಿ, ಇದು ಕೋರ್ಸು, ಇದು ಫೀಸು, ಹಾಸ್ಟೆಲ್ ಇಲ್ಲ, ಹುಡುಗಿಯರಿಗೆ ತುಂಬಾ ಒಳ್ಳೆಯದು, ಇದೇ ನೋಡಿ ನಮ್ಮ ಒಬ್ಬ ಹುಡುಗಿ ಸರ್ಕಾರಿ ಕೆಲಸಕ್ಕೆ ಸೆಲೆಕ್ಟ್ ಆಗಿದ್ದಾಳೆ ಎಂದು ದೂರದಲ್ಲಿದ್ದ ಚೈತ್ರಳನ್ನು ತೋರಿಸಿದಳು. ನರಸಮ್ಮ ಓದುವ ಗೋಜಿಗೆ ಹೋಗದೆ ಚಿತ್ರಗಳನ್ನು ನೋಡಿದಳು. ಒಂದು ಚಿತ್ರದ ಮೇಲೆ ಬೆರಳಿಟ್ಟಳು.

"ಇದು ನೀವೇ ಅಲ್ವಾ?"

ಠಾಣೆಯ ಹಜಾರ. ಮೇಜಿನ ಸುತ್ತ ಮಕ್ಕಳು. ಜಲಜಾ ಬಗ್ಗಿ ಹಾಳೆಯ ಮೇಲೆ ಪೆನ್ನಿಟ್ಟಿದ್ದಾಳೆ. ಹಿಂದಿನ ಗೋಡೆಯ ಗಡಿಯಾರದಲ್ಲಿ ಹನ್ನೆರಡಕ್ಕೆ ಹತ್ತು ನಿಮಿಷ. ನೇರ ಅನುಭವ ಎಂದು ಕೆಳಗೆ ಅಚ್ಚಾಗಿದೆ, ದಿನಾಂಕದ ಸಮೇತ. ಮಹಜರಿನ ಪ್ರಕಾರ ಅದೇ ದಿನ ಅದೇ ಹೊತ್ತಿನಲ್ಲಿ ಅವಳು ನಾಯಂಡಹಳ್ಳಿಯಲ್ಲಿ ಚಾಕು ನೋಡುತ್ತಿದ್ದಳು. ಎರಡು ಸಾವಿರ ಪ್ರತಿ ಅಚ್ಚು ಹಾಕಿಸಿದ್ದಾರೆ. ಅವಳೇ ಆರು ತಿಂಗಳಿಂದ ಹಂಚುತ್ತಿದ್ದಾಳೆ, ಗಡಿಯಾರ ಮಾತ್ರ ಅವಳ ಕಣ್ಣಿಗೆ ಬಿದ್ದದ್ದು ಈಗ, ಈ ಹೆಂಗಸಿನ ಬೆರಳ ತುದಿಯಲ್ಲಿ.

"ಹೌದು, ನಾನೇ."

"ಏನ್ ಬರೀತಾ ಇದೀರ?"

"ಸೈನ್ ಮಾಡ್ತಾ ಇದೀನಿ."

"ಚೆಂದಾಗಿ ಬಂದೈತೆ" ಎಂದಳು ನರಸಮ್ಮ. ಅಷ್ಟರಲ್ಲಿ ಮೆಟ್ಟಿಲ ಕಡೆ ಬೂಟಿನ ಸದ್ದಾಯಿತು. ಇಬ್ಬರು ಪೊಲೀಸರ ನಡುವೆ ಒಬ್ಬ ಹುಡುಗ ಬಂದ. ಅಂಗಿಯ ಕಾಲರು ಹರಿದು ನೇತಾಡುತ್ತಿತ್ತು, ಗಡ್ಡ ಬಂದಿತ್ತು. ನರಸಮ್ಮ ಎದ್ದು ನಿಂತಳು. "ನನ್ ಮಗ" ಎಂದಳು, ಸಂಕೋಚದಿಂದ. "ಹದಿನಾರು ತಿಂಗಳಾತು ಒಳಗಿದ್ದು. ಜಾಮೀನು ಆಗ್ಲಿಲ್ಲ. ಅವನು ಮಾಡಿಲ್ಲ ಮೇಡಮ್. ಲೇತ್ ಕೆಲಸ ಮಾಡೋನು, ರಾತ್ರಿ ಬಂದ್ರೆ ಊಟ ಮಾಡೋಕೂ ಎದ್ದು ಕೂರ್ತಿರಲಿಲ್ಲ." ಹುಡುಗ ತಾಯಿಯನ್ನು ನೋಡಿ ಗಲ್ಲ ಕೆರೆದುಕೊಂಡು ನಕ್ಕ, ಅವಳು ಅಂಗಿಯ ಕವರು ಎತ್ತಿ ತೋರಿಸಿದಳು. ಆಮೇಲೆ ಕೊಡ್ತೀನಿ ಅನ್ನುವ ಸನ್ನೆ. ಅವನ ಕಣ್ಣು ಪಕ್ಕದಲ್ಲಿದ್ದ ಜಲಜಾಳ ಮೇಲೂ ಒಂದು ಗಳಿಗೆ ನಿಂತು ಮುಂದೆ ಹೋಯಿತು. ಠಾಣೆಯಲ್ಲಿ ನೋಡಿದವಳೆಂದು ಗುರುತು ಹಿಡಿದನೋ ಇಲ್ಲವೋ. ನಾಚಿಕೆಯಾಗಬೇಕಿತ್ತು. ನಾಚಿಕೆ ಆಗಬೇಕಾದ ಜಾಗ ಮೈಯಲ್ಲಿ ಎಲ್ಲಿದೆ ಎಂದು ಅವಳಿಗೆ ಗೊತ್ತಿತ್ತು, ಅಲ್ಲಿ ಈಗ ಏನೂ ಇರಲಿಲ್ಲ. ಬ್ರೋಷರನ್ನು ಈಸಿಕೊಳ್ಳಬಹುದಾಗಿತ್ತು. ಕೈ ಚಾಚಲಿಲ್ಲ. ಬಾಗಿಲಲ್ಲಿ ಜವಾನ ಅವಳ ಹೆಸರನ್ನು ಮೂರು ಸಲ ಕೂಗಿದ.

ಕಟಕಟೆ ಅವಳು ಅಂದುಕೊಂಡದ್ದಕ್ಕಿಂತ ಚಿಕ್ಕದಾಗಿತ್ತು. ಎರಡು ಮೆಟ್ಟಿಲು, ಮೊಣಕೈಯಿಡಲು ಒಂದು ಹಲಗೆ. ಸತ್ಯವನ್ನೇ ಹೇಳುತ್ತೇನೆ ಎಂದು ಪ್ರಮಾಣ ಮಾಡಿದಳು. ಸರ್ಕಾರದ ಕಡೆಯ ವಕೀಲೆ ಕೇಳುತ್ತಾ ಹೋದರು, ಅವಳು ಹೇಳುತ್ತಾ ಹೋದಳು. ಆ ದಿನ ಪೊಲೀಸರು ಕರೆದರು. ಆರೋಪಿ ಮುಂದೆ ನಡೆದ, ನಾವು ಹಿಂದೆ ಹೋದೆವು. ಟೈರುಗಳ ಕೆಳಗಿನಿಂದ ಚಾಕು ತೆಗೆದುಕೊಟ್ಟ. ನಮ್ಮ ಸಮಕ್ಷಮ ಬಟ್ಟೆಯಲ್ಲಿ ಕಟ್ಟಿ ಅರಗಿನ ಮುದ್ರೆ ಹಾಕಿದರು. ಸಹಿ ನನ್ನದೇ. ಆ ಬಟ್ಟೆಯ ಗಂಟು ಬಿಚ್ಚಿ ಚಾಕು ತೋರಿಸಿದರು. ಅವಳು ಅದನ್ನು ಜೀವನದಲ್ಲಿ ಮೊದಲ ಸಲ ನೋಡುತ್ತಿದ್ದಳು. ಅಡಿಗೆಮನೆಯಲ್ಲಿ ಈರುಳ್ಳಿ ಹೆಚ್ಚುವಂಥದು, ಹಿಡಿ ಒಡೆದಿತ್ತು. ಇದೇ ಅಂದಳು. ಧ್ವನಿ ಬರುತ್ತಿತ್ತು. ಕೋರ್ಟ್ ಹಾಲಿನ ಕೊನೆಯವರೆಗೆ ಕೇಳಿಸುವಷ್ಟು ಗಟ್ಟಿಯಾಗಿ, ಒಂದು ತಡವರಿಕೆಯೂ ಇಲ್ಲದೆ ಬರುತ್ತಿತ್ತು. ಟೈಪಿಸ್ಟಿಗೆ ಅನುಕೂಲವಾಗಲೆಂದು ವಾಕ್ಯದ ಕೊನೆಗೆ ನಿಲ್ಲಿಸಿ ನಿಲ್ಲಿಸಿ ಹೇಳಿದಳು. ಹಿಂದಿನ ಬಾಗಿಲ ಹತ್ತಿರ ನರಸಮ್ಮ ನಿಂತಿದ್ದಳು, ಒಂದು ಕೈಯಲ್ಲಿ ಅಂಗಿ, ಇನ್ನೊಂದರಲ್ಲಿ ಬ್ರೋಷರು.

ಹುಡುಗನ ಪರ ಎದ್ದವನು ಕಲ್ಮೇಶ್ ಎಂಬ ಎಳೆಯ ವಕೀಲ, ಉಚಿತ ಕಾನೂನು ನೆರವಿನಿಂದ ನೇಮಕವಾದವನು. ಫೈಲು ತಿರುವಿ ತಿರುವಿ ಪ್ರಶ್ನೆ ಹುಡುಕುತ್ತಿದ್ದ.

"ಗೋದಾಮಿನ ಅಕ್ಕಪಕ್ಕ ಏನಿತ್ತು ಎಂದು ಹೇಳಬಲ್ಲಿರಾ?"

"ಹೇಳಬಲ್ಲೆ. ಹಿಂದೆ ಹಳೆ ಟೈರುಗಳಿದ್ದವು. ಪಕ್ಕದಲ್ಲಿ ಆಳೆತ್ತರಕ್ಕಿಂತ ದೊಡ್ಡದಾದ ನೀಲಿ ನೀರಿನ ಟ್ಯಾಂಕು ಇತ್ತು. ಅದಕ್ಕೆ ಮುಚ್ಚಳ ಇರಲಿಲ್ಲ. ತಗಡು ಮುಚ್ಚಿ ಮೇಲೆ ಎರಡು ಕಲ್ಲು ಇಟ್ಟಿದ್ದರು."

ಹೇಳಿ ಮುಗಿಸಿದ ಮೇಲೆ ಅವಳಿಗೇ ಕೇಳಿಸಿತು. ನೆಲದ ಮೇಲೆ ನಿಂತವರಿಗೆ ಆ ಟ್ಯಾಂಕಿನ ತಲೆ ಕಾಣುವುದಿಲ್ಲ. ಅದು ಕಾಣುವುದು ರೈಲಿನಿಂದ ಮಾತ್ರ. ಕಲ್ಮೇಶ್ ಕತ್ತೆತ್ತಿ ಅವಳನ್ನು ನೋಡಿದ. ಕೇಳು ಎಂದಿತು ಅವಳ ಮನಸ್ಸು, ಅದು ಹೇಗೆ ಕಂಡಿತು ಅಂತ ಕೇಳು, ಒಂದೇ ಒಂದು ಪ್ರಶ್ನೆ, ನಾನು ಹೇಳಿಬಿಡುತ್ತೇನೆ. ಅವನು ಹಾಳೆ ತಿರುವಿದ. "ನೀವು ಸ್ಥಳಕ್ಕೆ ಹೋಗಿಯೇ ಇಲ್ಲ, ಠಾಣೆಯಲ್ಲಿಯೇ ಸಹಿ ಹಾಕಿದ್ದೀರಿ ಎಂದರೆ?" ಎಂದು, ಎಲ್ಲ ಪಂಚರಿಗೂ ಕೇಳುವ ಪ್ರಶ್ನೆಯನ್ನು ಎಲ್ಲರೂ ಕೇಳುವ ರಾಗದಲ್ಲೇ ಕೇಳಿದ. "ಸುಳ್ಳು" ಎಂದಳು ಜಲಜಾ, ಎಲ್ಲ ಪಂಚರೂ ಹೇಳುವ ಹಾಗೆ. ಅವನು ಕೂತ. ಜಡ್ಜು ಕನ್ನಡಕದ ಮೇಲಿಂದ ಅವಳನ್ನು ನೋಡಿ, "ಸಾಕ್ಷಿ ಅಂದ್ರೆ ಹೀಗಿರಬೇಕು. ಸ್ಪಷ್ಟವಾಗಿ ಹೇಳಿದಿರಿ ಮೇಡಮ್" ಎಂದರು. ಅವಳಿಗೆ ಸಂತೋಷವಾಯಿತು. ಬೆಳಿಗ್ಗೆಯಿಂದ ಏನೂ ಆಗದವಳಿಗೆ ಅದೊಂದು ಆಯಿತು: ಹೊಟ್ಟೆಯಿಂದ ಎದ್ದು ಕಿವಿಯವರೆಗೆ ಬಿಸಿಯಾಗುವಂಥ, ಹದಿನೈದು ವರ್ಷದಿಂದ ಬಾಕಿ ಇದ್ದ ಸಂತೋಷ. ಆ ಸಂತೋಷ ಇಳಿಯುವ ಮೊದಲೇ ಅವಳ ಕಣ್ಣು ಆರೋಪಿಯ ಜಾಗದ ಕಡೆ ಹೋಯಿತು. ಯಶ್ವಂತ್ ಅವಳನ್ನೇ ನೋಡುತ್ತಿದ್ದ. ಸಿಟ್ಟಿನಿಂದಲ್ಲ. ಗೊತ್ತಿಲ್ಲದ ವಿಷಯವನ್ನು ಮೇಷ್ಟ್ರು ಹೇಳುವಾಗ ಮಕ್ಕಳು ನೋಡುವ ಹಾಗೆ, ಆ ಟ್ಯಾಂಕು ತಾನೂ ನೋಡಿದ್ದೆನೇನೋ ಎಂದು ನೆನಪು ಮಾಡಿಕೊಳ್ಳುವವನ ಹಾಗೆ ನೋಡುತ್ತಿದ್ದ.

ಮುಂದಿನ ಪ್ರಕರಣ ಕರೆದರು. ಮೊಗಸಾಲೆಯಲ್ಲಿ ಬೈರಯ್ಯ ಚೈತ್ರಳಿಗೆ, "ಹೋಗಮ್ಮ ನೀನು, ನಿನ್ನ ಕೈಬಿಟ್ರು" ಎಂದರು. ಚೈತ್ರ ಬಗ್ಗಿ ಜಲಜಾಳ ಕಾಲು ಮುಟ್ಟಲು ಬಂದಳು, ಇವಳು ಹಿಂದೆ ಸರಿದಳು. ವಾರ್ಡರ್ ಆದ ಮೇಲೆ ಮೊದಲ ಸಂಬಳದಲ್ಲಿ ನಿಮಗೆ ಸೀರೆ ಮೇಡಮ್ ಎನ್ನುತ್ತಾ ಹುಡುಗಿ ಎರಡೆರಡು ಮೆಟ್ಟಿಲು ಹಾರಿ ಇಳಿದು ಹೋದಳು. ಬೈರಯ್ಯ ತಮ್ಮ ಫೈಲು ಎತ್ತಿಕೊಂಡು ಮತ್ತೆ ಒಳಗೆ ಹೋದರು. ಬೆಂಚಿನ ಹತ್ತಿರ ನರಸಮ್ಮ ನಿಂತಿದ್ದಳು. ಬೈಯುತ್ತಾಳೆ, ಕೈ ಹಿಡಿದು ಎಳೆಯುತ್ತಾಳೆ, ಮಣ್ಣು ತೂರುತ್ತಾಳೆ ಎಂದು ಜಲಜಾ ಕಾದಳು. ಹಾಗಾದರೆ ಒಳ್ಳೆಯದು ಎಂದೂ ಅನ್ನಿಸಿತು.

"ಮೇಡಮ್, ನೀವು ಕಣ್ಣಾರೆ ನೋಡಿದ್ರಾ?"

ಮೊಗಸಾಲೆಯಲ್ಲಿ ಯಾರೂ ಇರಲಿಲ್ಲ. ಜಡ್ಜು ಇಲ್ಲ, ಟೈಪಿಸ್ಟು ಇಲ್ಲ, ಪ್ರಮಾಣ ಇಲ್ಲ. ಇಲ್ಲ ಎಂದು ಹೇಳಿದರೆ ಬರೆದುಕೊಳ್ಳುವವರು ಒಬ್ಬರೂ ಇಲ್ಲ. ಈ ಹೆಂಗಸೊಬ್ಬಳಿಗೆ, ಇವಳ ಕಿವಿಗೆ ಮಾತ್ರ, ಒಂದು ಪದ. ಜಲಜಾ ಬಾಯಿ ತೆರೆದಳು. ಕಟಕಟೆಯಲ್ಲಿ ಅಷ್ಟು ಗಟ್ಟಿಯಾಗಿ ಬಂದ ಧ್ವನಿ ಈಗ ಎಲ್ಲಿ ಹೋಯಿತೋ. ಬಾಯಿ ಸುಮ್ಮನೆ ತೆರೆದೇ ಇತ್ತು. ಕೊನೆಗೆ ತಲೆಯಾಡಿಸಿದಳು, ಹೌದು ಎಂದು.

ನರಸಮ್ಮ ಸೆರಗಿನಿಂದ ಮುಖ ಒರೆಸಿಕೊಂಡಳು. "ಪೊಲೀಸ್ನೋರು ಹೇಳ್ದಾಗ ನಂಬ್ಲಿಲ್ಲ ನಾನು. ಲೇತ್ ಓನರ್ ಹೇಳ್ದಾಗ್ಲೂ ನಂಬ್ಲಿಲ್ಲ. ಹದಿನಾರು ತಿಂಗಳು ಪ್ರತಿ ಡೇಟಿಗೂ ರಜ ಹಾಕಿ ಬಂದಿದೀನಿ ಮೇಡಮ್. ನನ್ ಮಗ ಅಂಥೋನಲ್ಲ ಅಂತ ಕಂಡೋರ ಹತ್ರ ಎಲ್ಲ ಜಗಳ ಆಡಿದೀನಿ. ನೀವು ಪಾಠ ಹೇಳೋರು. ನಿಮಗೇನು, ಅವನ ಮೇಲೆ ಹಗೇನಾ?" ಅಂಗಿಯ ಕವರನ್ನು ಮಡಿಸಿ ಮಡಿಸಿ ಚಿಕ್ಕದು ಮಾಡಿ ಕಂಕುಳಲ್ಲಿ ಇಟ್ಟುಕೊಂಡಳು. ಆಮೇಲೆ ಬ್ರೋಷರನ್ನು ಮುಂದೆ ಚಾಚಿದಳು. "ಮಗಳನ್ನ ನಿಮ್ಮ ಹತ್ರಾನೇ ಸೇರಿಸ್ತೀನಿ. ಇವನಂಗೆ ಆಗ್ದೆ ಇರ್ಲಿ. ನಿಮ್ಮ ಹೆಸರು ಬರ್ಕೊಡಿ, ಬಂದು ಕೇಳ್ತೀನಿ."

ಬ್ರೋಷರು ಜಲಜಾಳ ಕೈಗೆ ಬಂತು. ಚೀಲದಲ್ಲಿ ಪೆನ್ನಿತ್ತು. ಒಳಗಿನ ಪುಟದ ಚಿತ್ರದಲ್ಲಿ ಅವಳು ಬಗ್ಗಿ ಸಹಿ ಹಾಕುತ್ತಿದ್ದಳು, ಗಡಿಯಾರ ಹನ್ನೆರಡಕ್ಕೆ ಹತ್ತು ನಿಮಿಷ ತೋರಿಸುತ್ತಿತ್ತು. ಅವಳು ಅದನ್ನು ಮಡಚಿ, ಹಿಂದಿನ ಪುಟದಲ್ಲಿ ಸಹಿಗೆಂದು ಬಿಟ್ಟ ಚೌಕದೊಳಗೆ, ಗೋಡೆಗೆ ಒತ್ತಿ ಹಿಡಿದು ಸಹಿ ಹಾಕಿದಳು. ದಿನಾಂಕ ಬರೆದಳು. ಫೋನ್ ನಂಬರು ಬರೆದಳು. ನರಸಮ್ಮ ಅದನ್ನು ಕಣ್ಣಿಗೊತ್ತಿಕೊಂಡು ಬ್ಲೌಸಿನೊಳಗೆ ಸೇರಿಸಿ, ಮಗ ಇದ್ದ ಕೋರ್ಟ್ ಹಾಲಿನ ಕಡೆ ಒಮ್ಮೆಯೂ ತಿರುಗದೆ, ಗೋಡೆ ಹಿಡಿದುಕೊಂಡು ಮೆಟ್ಟಿಲು ಇಳಿದಳು. ಅವಳು ಅಂಗಳ ದಾಟಿ, ಗೇಟಿನ ಹತ್ತಿರ ಎಳನೀರು ಮಾರುವವನನ್ನು ದಾಟಿ, ಬಸ್ ನಿಲ್ದಾಣದ ಕಡೆ ಹೋಗುವುದನ್ನು ಜಲಜಾ ಕಿಟಕಿಯಿಂದ ನೋಡಿದಳು. ಸೀರೆಯ ಸೆರಗು ಒಂದು ಕಡೆ ನೆಲಕ್ಕೆ ತಾಗುತ್ತಿತ್ತು. ರಸ್ತೆ ದಾಟುವಾಗ ಒಂದು ಬೈಕು ಹಾರ್ನು ಹೊಡೆಯಿತು. ಬಸ್ಸು ಬಂತು, ಹತ್ತಿದಳು. ಬಸ್ಸು ತಿರುಗಿ ಮರೆಯಾಗುವ ತನಕ ಜಲಜಾ ನೋಡುತ್ತಲೇ ಇದ್ದಳು. ಫೋನಿನಲ್ಲಿ ಸೇತುರಾಮರ ಮೆಸೇಜಿತ್ತು: ಎಷ್ಟು ಜನ ಸಿಕ್ಕರು?

ಅವಳು ಚೀಲ ಎತ್ತಿಕೊಳ್ಳುವಷ್ಟರಲ್ಲಿ ಯಶ್ವಂತನನ್ನು ಹೊರಗೆ ತಂದರು. ಅವನು ಬೆಂಚು ನೋಡಿದ, ಮೊಗಸಾಲೆಯ ಆ ತುದಿ ನೋಡಿದ, ಮೆಟ್ಟಿಲು ನೋಡಿದ. ಇಬ್ಬರು ಪೊಲೀಸರಲ್ಲಿ ಒಬ್ಬ ಕೈಕೋಳದ ಕೀಲಿ ಹುಡುಕಲು ನಿಂತಿದ್ದ. ಹುಡುಗ ಹರಿದ ಕಾಲರನ್ನು ಒಂದು ಕೈಯಲ್ಲಿ ಸರಿಮಾಡಿಕೊಂಡು ಅವಳ ಹತ್ತಿರ ಒಂದು ಹೆಜ್ಜೆ ಬಂದ.

"ಮೇಡಮ್, ನಮ್ಮಮ್ಮ ಇಲ್ಲೇ ನಿಮ್ಮ ಪಕ್ಕ ಕೂತಿದ್ರಲ್ಲ. ಅಂಗಿ ತಂದಿದ್ರು. ಎಲ್ಲಿ ಹೋದ್ರು?"

"ಹೊರಟುಹೋದ್ರು."

ಅವನು ನಂಬಲಿಲ್ಲ. ನನ್ನನ್ನ ನೋಡದೆ ಯಾವತ್ತೂ ಹೋಗಲ್ಲ, ಕೆಳಗಡೆ ವ್ಯಾನ್ ಹತ್ರ ಇರಬಹುದು ಎಂದ. ಪೊಲೀಸಿನವನು ಅವನ ರಟ್ಟೆ ಹಿಡಿದ. ಹುಡುಗ ಕಾಲೂರಿ ನಿಂತು ಮತ್ತೆ ಅವಳನ್ನೇ ಕೇಳಿದ.

"ಹೋಗಿದ್ದು ನೀವೇ ನೋಡಿದ್ರಾ ಮೇಡಮ್?"

"ನೋಡಿದೆ" ಎಂದಳು ಜಲಜಾ.